ಒಂಬತ್ತನೇ ತರಗತಿಯ ಅಮೆರಿಕ ಚುನಾವಣೆ

ಆ ಗುರುವಾರವೂ ಎಂದಿನಂತೆ ನಮ್ಮ ಮನೆಯಲ್ಲಿ ಎಲ್ಲರಿಗಿಂತ ಮೊದಲು ಎದ್ದದ್ದು ಮಿಕ್ಸಿ. ರಾತ್ರಿ ನೆನೆಹಾಕಿದ ಬೆಳ್ತಿಗೆ ಅಕ್ಕಿಯನ್ನು ನೀರ್‌ದೋಸೆಗೆ ರುಬ್ಬುವುದು, ಆ ಸದ್ದಿನಲ್ಲೇ ಗಂಡನನ್ನು ಎಬ್ಬಿಸುವುದು, ಎರಡೂ ಒಟ್ಟಿಗೇ ಆಗುತ್ತದೆ. ಫೋನಿನ ಅಲಾರ್ಮಿಗೆ ಅವರು ಏಳುವವರಲ್ಲ. ಎದ್ದವರು ಕಿಟಕಿಯ ಪರದೆ ಸರಿಸಿ ಕೆಳಗೆ ತಮ್ಮ ಕಾರಿನ ಹಿಂದೆ ಬೇರೆ ಯಾರಾದರೂ ಕಾರು ನಿಲ್ಲಿಸಿದ್ದಾರೋ ಎಂದು ನೋಡುತ್ತಾರೆ. ನಿಲ್ಲಿಸಿರುತ್ತಾರೆ. ಈ ಗಲ್ಫ್ ಊರಿನ ಓಲ್ಡ್ ಏರ್‌ಪೋರ್ಟ್ ಕಡೆಯ ಕಟ್ಟಡಗಳಲ್ಲಿ ದಿನ ಶುರುವಾಗುವುದೇ ಕಾವಲುಗಾರನಿಗೆ ಫೋನ್ ಮಾಡಿ, ಅವನು ಯಾವುದೋ ಮಹಡಿಯ ಯಾರನ್ನೋ ಎಬ್ಬಿಸಿ, ಆ ಯಾರೋ ಲುಂಗಿಯಲ್ಲೇ ಇಳಿದು ಬಂದು ಕಾರು ಸರಿಸುವುದರಿಂದ. ಆಮೇಲೆ ಇವರು ವೆಸ್ಟ್ ಬೇಯ ಆಫೀಸಿಗೆ ಹೊರಡುತ್ತಾರೆ, ನಾನು ಎರಡನೇ ಕಾಫಿ ಕುಡಿಯುತ್ತೇನೆ.

ಆ ದಿನ ಮಾತ್ರ ಮಿಕ್ಸಿ ನಿಂತ ಮೇಲೂ ಅಡುಗೆಮನೆಯಲ್ಲಿ ಸದ್ದು ನಿಲ್ಲಲಿಲ್ಲ. ಫ್ರಿಜ್ಜಿನ ಎದುರು ನಿಂತು ನನ್ನ ಮಗಳು ಅಮೆರಿಕದ ಸೈನ್ಯದ ಬಗ್ಗೆ ಮಾತಾಡುತ್ತಿದ್ದಳು.

"ನಮ್ಮ ಸ್ನೇಹಿತರು ಎಲ್ಲೆಲ್ಲಿ ಇದ್ದಾರೋ ಅಲ್ಲೆಲ್ಲ ನಮ್ಮ ಸೈನಿಕರು ಇರಬೇಕು" ಎಂದು ಇಂಗ್ಲಿಷಿನಲ್ಲಿ ಫ್ರಿಜ್ಜಿಗೆ ಹೇಳಿ, ಬಲಗೈಯನ್ನು ನಾನು ಕಲಿಸಿದ ಹಾಗೆ ಎದೆಯಿಂದ ಹೊರಕ್ಕೆ ತೆಗೆದಳು. ಕೈ ದೋಸೆಹಿಟ್ಟಿನ ಪಾತ್ರೆಗೆ ತಾಗಿತು.

"ಸೈನಿಕರು ಇರಲಿ. ಸ್ವಲ್ಪ ಆ ಕಡೆ ಇರಲಿ" ಎಂದೆ.

ಅವಳ ಶಾಲೆಯಲ್ಲಿ ಸಮಾಜ ವಿಜ್ಞಾನದ ಟೀಚರ್ ಒಂಬತ್ತನೇ ತರಗತಿಯವರಿಗೆ ಅಮೆರಿಕದ ಅಧ್ಯಕ್ಷ ಚುನಾವಣೆಯ ಮೊದಲ ಹಂತವನ್ನು ಮಾಡಿ ತೋರಿಸಬೇಕೆಂದಿದ್ದರು. ಅಲ್ಲಿ ಒಂದೇ ಪಕ್ಷದವರು ಮೊದಲು ತಮ್ಮತಮ್ಮೊಳಗೆ ವಾದ ಮಾಡಿ, ಗೆದ್ದ ಒಬ್ಬರನ್ನು ಆಮೇಲೆ ಎದುರು ಪಕ್ಷದ ಮೇಲೆ ಬಿಡುತ್ತಾರಂತೆ. ನಿಜವಾದ ರಾಜಕಾರಣಿಗಳು ಬೇಡ, ಹೆತ್ತವರಿಂದ ದೂರು ಬರುತ್ತದೆ ಎಂದು ಟೀಚರ್ ತಾವೇ ಇಬ್ಬರು ಅಭ್ಯರ್ಥಿಗಳನ್ನು ಹುಟ್ಟಿಸಿ, ಅವರಿಗೆ 'ಎ' ಮತ್ತು 'ಬಿ' ಎಂದು ಹೆಸರಿಟ್ಟಿದ್ದರು. ಯುದ್ಧ, ಭದ್ರತೆ, ಆರೋಗ್ಯ, ಈ ಮೂರು ವಿಷಯಗಳಲ್ಲಿ ಯಾರ ನಿಲುವು ಏನು ಎಂಬುದನ್ನೂ ಅವರೇ ನಿಗದಿ ಮಾಡಿದ್ದರು. ಚೀಟಿ ಎತ್ತಿದಾಗ 'ಎ' ಬಂದದ್ದು ನನ್ನ ಮಗಳಿಗೆ. 'ಬಿ' ಬಂದದ್ದು ನಮ್ಮ ಎದುರು ಫ್ಲಾಟಿನ ಹುಡುಗಿಗೆ.

ಎದುರು ಫ್ಲಾಟಿನವರು ಮಂಗಳೂರು ಕಡೆಯ ಬ್ಯಾರಿ ಮುಸ್ಲಿಮರು. ಹುಡುಗಿಯ ಅಜ್ಜ ಇಲ್ಲಿಗೆ ಬಂದಾಗ ಈ ರಸ್ತೆಯಲ್ಲಿ ಒಂದೇ ಅಂಗಡಿ ಇತ್ತಂತೆ. ನಾವು ಉಡುಪಿ ಕಡೆಯ ಕ್ರಿಶ್ಚಿಯನ್ನರು. ಅವರ ಮನೆಯಲ್ಲಿ ಬ್ಯಾರಿ, ನಮ್ಮಲ್ಲಿ ಕೊಂಕಣಿ, ನಡುವಿನ ಎರಡು ಹೆಜ್ಜೆ ಅಗಲದ ಓಣಿಯಲ್ಲಿ ಕನ್ನಡ. ಹುಡುಗಿಯ ತಾಯಿ ನನಗಿಂತ ನಾಲ್ಕಾರು ವರ್ಷ ಚಿಕ್ಕವರು. ಬಾಗಿಲು ಬಡಿಯುವ ಅಭ್ಯಾಸ ಇಬ್ಬರಿಗೂ ಇಲ್ಲ.

"ಎಂತ ಅಕ್ಕ ಇದು, ಒಂದೇ ಪಾರ್ಟಿಯವರು ಒಳಗೊಳಗೆ ಜಗಳ ಮಾಡುದಾ?" ಎಂದು ಚೀಟಿ ಎತ್ತಿದ ದಿನವೇ ಆಕೆ ಬಂದು ಕೇಳಿದ್ದರು. ನಾನು ತಿಳಿದಷ್ಟು ವಿವರಿಸಿದೆ. ಕೇಳಿ ತಲೆ ಆಡಿಸಿದರು. "ಗೊತ್ತಾಯ್ತು. ನಮ್ಮ ಮದುವೆ ಮನೆಯ ಹಾಗೆ. ಫಸ್ಟ್ ಹೆಣ್ಣಿನ ಕಡೆಯವರು ಅವರವರೇ ಹೊಡೆದಾಡುದು. ಅದು ಮುಗಿದ ಮೇಲೆ ಎಲ್ಲ ಒಟ್ಟಾಗಿ ಗಂಡಿನ ಕಡೆಯವರ ಮೇಲೆ ಹೋಗುದು." ಟೀಚರ್ ಮೂರು ಪೀರಿಯಡ್ಡುಗಳಲ್ಲಿ ಹೇಳಿದ್ದು ಇಷ್ಟೇ ಎಂದು ಮಗಳು ಆಮೇಲೆ ಹೇಳಿದಳು.

ನನ್ನ ಮಗಳು ಮಾತಿನ ಹುಡುಗಿಯಲ್ಲ. ತರಗತಿಯಲ್ಲಿ ಉತ್ತರ ಗೊತ್ತಿದ್ದರೂ ಕೈ ಎತ್ತುವುದಿಲ್ಲ ಎಂದು ಪ್ರತಿ ಸಲ ಹೆತ್ತವರ ಭೇಟಿಯಲ್ಲಿ ದೂರು. ಮನೆಗೆ ನೆಂಟರು ಬಂದರೆ ಬಾತ್‌ರೂಮಿನಲ್ಲಿ ಅರ್ಧ ಗಂಟೆ ಕೈ ತೊಳೆಯುವವಳು. ಚೀಟಿ ಬಂದ ದಿನ ಅತ್ತಳು, ಜ್ವರ ಬಂದಿದೆ ಎಂದು ಪತ್ರ ಬರೆದುಕೊಡು ಎಂದಳು. ಮೂರನೇ ದಿನ ನಾನು ಬಟ್ಟೆ ಮಡಚುತ್ತಿದ್ದಾಗ ತಾನಾಗಿಯೇ ಎದುರು ಬಂದು ನಿಂತು, ಒಂದು ಪ್ಯಾರಾ ಗಟ್ಟಿಯಾಗಿ ಹೇಳಿ, ಓಡಿಹೋದಳು. ಅಲ್ಲಿಂದ ಅವಳಿಗೆ ಹುಚ್ಚು ಹಿಡಿಯಿತು. ಗೆದ್ದವರು ಮುಂದಿನ ತಿಂಗಳು ವೆಸ್ಟ್ ಬೇಯ ಒಂದು ಹೋಟೆಲಿನ ದೊಡ್ಡ ಸಭಾಂಗಣದಲ್ಲಿ ಬೇರೆ ಶಾಲೆಗಳವರ ಎದುರು ಮಾತಾಡಬೇಕಿತ್ತು. ನನಗೆ ಕಾಣದ ಹಾಗೆ ಅವಳು ಆ ಹೋಟೆಲಿನ ಫೋಟೋಗಳನ್ನು ಫೋನಿನಲ್ಲಿ ನೋಡುತ್ತಿದ್ದಳು. ವೇದಿಕೆ ಎಷ್ಟು ದೊಡ್ಡದು, ಮೈಕ್ ಎಲ್ಲಿರುತ್ತದೆ ಎಂದೆಲ್ಲ. ಇವಳು ಗೆಲ್ಲಬೇಕು ಎಂದು ನಾನು ಮೇಣದ ಬತ್ತಿ ಹಚ್ಚುವುದಾಗಿ ಹರಕೆಯನ್ನೂ ಹೇಳಿಕೊಂಡಿದ್ದೆ. ಹೇಳಿದ್ದು ಮನಸ್ಸಿನಲ್ಲೇ, ಗಟ್ಟಿಯಾಗಿ ಅಲ್ಲ.

ಎದುರು ಮನೆಯ ಹುಡುಗಿಗೆ ಇಂಥ ಕಷ್ಟವಿಲ್ಲ. ಅವಳು ಲಿಫ್ಟಿನಲ್ಲಿ ಗುರುತಿಲ್ಲದವರ ಹತ್ತಿರವೂ ಅವರ ಕುಕ್ಕರ್ ಯಾವ ಕಂಪನಿಯದು ಎಂದು ಕೇಳುವವಳು. ಅವಳಿಗೆ ತರಬೇತಿ ಕೊಡಬೇಕಾಗಿ ಬಂದದ್ದು ಬಾಯಿ ಮುಚ್ಚಿಸಲಿಕ್ಕೆ.

ವಾದ ಹತ್ತು ಗಂಟೆಗೆ. ಒಂದು ಮಗುವಿಗೆ ಒಬ್ಬರು ಹೆತ್ತವರು ಬರಬಹುದು, ಬಂದವರೇ ಮತದಾರರು ಎಂದು ಸುತ್ತೋಲೆ ಬಂದಿತ್ತು. ಮಕ್ಕಳು ಬಸ್ಸಿನಲ್ಲಿ ಹೋದ ಮೇಲೆ ನಾನೂ ಆಕೆಯೂ ಆಕೆಯ ಕಾರಿನಲ್ಲಿ ಹೊರಟೆವು. ನನಗೆ ಇಲ್ಲಿನ ಲೈಸೆನ್ಸ್ ಇಲ್ಲ. ಎರಡು ಸಲ ಪರೀಕ್ಷೆಗೆ ಕೂತು, ಎರಡು ಸಲವೂ ಎಲ್ಲರಿಗೂ ದಾರಿ ಬಿಟ್ಟು ಕೊಟ್ಟು ಫೇಲಾಗಿದ್ದೇನೆ. ಆಕೆ ಹಾಗಲ್ಲ. ಸಿಗ್ನಲ್ ಹಸಿರಾಗುವ ಮೊದಲೇ ಮುಂದಿನ ಕಾರಿಗೆ "ಯಲ್ಲಾ, ಯಲ್ಲಾ" ಎಂದು ಕೈ ಬೀಸುತ್ತಾರೆ.

"ಇಷ್ಟು ವರ್ಷ ಆಯ್ತಲ್ಲ ಅಕ್ಕ, ನೀವು ಊರಲ್ಲಿ ಲಾಸ್ಟ್ ಓಟು ಹಾಕಿದ್ದು ಯಾವಾಗ?" ಎಂದು ಕೇಳಿದರು.

ನನಗೆ ನೆನಪಾಗಲಿಲ್ಲ. ಮದುವೆಯಾಗಿ ಇಲ್ಲಿಗೆ ಬಂದ ಮೇಲೆ ಚುನಾವಣೆಯ ಹೊತ್ತಿಗೆ ಊರಿನಲ್ಲಿ ಇದ್ದದ್ದೇ ಇಲ್ಲ. ಅಲ್ಲಿ ಹಾಕಲು ನಾವಿಲ್ಲ, ಇಲ್ಲಿ ನಮ್ಮನ್ನು ಕೇಳುವವರಿಲ್ಲ. ಯುದ್ಧದ ಬಗ್ಗೆ, ಭದ್ರತೆಯ ಬಗ್ಗೆ ನನ್ನ ಅಭಿಪ್ರಾಯವನ್ನು ಇಷ್ಟು ವರ್ಷಗಳಲ್ಲಿ ಯಾರೂ ಕೇಳಿರಲಿಲ್ಲ. ಸಾರಿಗೆ ಉಪ್ಪು ಸಾಕೋ ಎಂದು ಕೂಡ ನಾನೇ ಬೇರೆಯವರನ್ನು ಕೇಳುವುದು. ಈಗ ಒಂಬತ್ತನೇ ತರಗತಿಯವರು ಕೇಳುತ್ತಿದ್ದಾರೆ. ಗಂಭೀರವಾಗಿಯೇ ತೆಗೆದುಕೊಳ್ಳಬೇಕು ಎಂದುಕೊಂಡೆ. ಎಲ್ಲ ತೊಂದರೆಗೂ ಅದೇ ಮೂಲ.

ಶಾಲೆಯ ಸಭಾಂಗಣದಲ್ಲಿ ಮೊದಲು ನಿಂತದ್ದು ನನ್ನ ಮಗಳು. ಶುರುವಿನಲ್ಲಿ ಅವಳ ಧ್ವನಿ ಮೈಕನ್ನೂ ದಾಟಲಿಲ್ಲ. ಕಾಲರಿನ ಗುಂಡಿ ತಿರುಗಿಸುತ್ತಿದ್ದಳು, ಆ ಗುಂಡಿ ಬಿದ್ದರೆ ಮಾತೂ ಬಿದ್ದಂತೆ ಎಂದು ನಾನು ಕುರ್ಚಿಯ ತುದಿಯಲ್ಲಿ ಕೂತೆ. ಆಮೇಲೆ ಸೈನ್ಯದ ವಿಷಯ ಬಂತು. ನಾವು ಬಲವಾಗಿದ್ದರೆ ಮಾತ್ರ ಬೇರೆಯವರು ನಮ್ಮ ಮಾತು ಕೇಳುತ್ತಾರೆ, ಮೊದಲು ಬಲ, ಆಮೇಲೆ ಮಾತುಕತೆ ಎಂದಳು. ಕೈ ಎದೆಯಿಂದ ಹೊರಕ್ಕೆ ಹೋಯಿತು. ಅಲ್ಲಿ ದೋಸೆಹಿಟ್ಟು ಇರಲಿಲ್ಲವಾದ್ದರಿಂದ ಪೂರ್ತಿ ಹೋಯಿತು. ಭದ್ರತೆಗೆ ಗಡಿಯಲ್ಲೂ ಬೀದಿಯಲ್ಲೂ ಕಣ್ಣಿರಬೇಕು. ಆರೋಗ್ಯಕ್ಕೆ ಅವರವರಿಗೆ ಬೇಕಾದ ವಿಮೆಯನ್ನು ಅವರವರೇ ಆರಿಸಿಕೊಳ್ಳಲಿ, ಕಂಪನಿಗಳು ಪೈಪೋಟಿಗೆ ಬಿದ್ದರೆ ಬೆಲೆ ತಾನಾಗಿ ಇಳಿಯುತ್ತದೆ. ಮಾತಾಡುತ್ತಿದ್ದವಳು ನನ್ನ ಮಗಳು ಎಂದು ನಂಬಲು ನಾನು ಅವಳ ಕಾಲ್ಚೀಲ ನೋಡಿದೆ. ಒಂದು ಮೇಲೆ, ಒಂದು ಕೆಳಗೆ. ಅವಳೇ.

ಹಿಂದಿನ ಸಾಲಿನಲ್ಲಿ ಯಾರೋ ಮಲಯಾಳದಲ್ಲಿ, ಈ ಹುಡುಗಿಯೇ ಗೆಲ್ಲುವುದು ಎಂದರು. ಪಕ್ಕದಲ್ಲಿ ಕೂತಿದ್ದ ಎದುರು ಮನೆಯಾಕೆ ನನ್ನ ತೊಡೆಗೆ ಚಿವುಟಿದರು. ಸಂತೋಷವಾದಾಗ ಆಕೆ ಹಾಗೆ ಮಾಡುವುದು.

ಆಮೇಲೆ 'ಬಿ' ಬಂದಳು. ನಮ್ಮ ಸೈನಿಕರು ಮನೆಗೆ ಬರಲಿ, ಅವರ ಅಮ್ಮಂದಿರು ಕಾಯುತ್ತಿದ್ದಾರೆ ಎಂದು ಶುರು ಮಾಡಿದಳು. ದೂರದ ಊರಿನಲ್ಲಿ ನಾವು ಇಟ್ಟುಕೊಂಡ ಪ್ರತಿಯೊಂದು ನೆಲೆಯ ಪಕ್ಕದಲ್ಲೂ ಯಾರದೋ ಅಡುಗೆಮನೆ ಇದೆ ಎಂದಳು. ಸಭಾಂಗಣದಲ್ಲಿ ಕೆಲವರು ಕಿಟಕಿಯ ಕಡೆ ನೋಡಿದರು.

ಇಲ್ಲಿನ ಅಮೆರಿಕದ ಸೈನಿಕ ನೆಲೆಯ ಕಡೆಗೆ ಕ್ಷಿಪಣಿಗಳು ಬಂದ ಬೇಸಿಗೆಯ ಒಂದು ಸಂಜೆ ಈ ಊರಿನ ಆಕಾಶದಲ್ಲಿ ಬೆಂಕಿಯ ಚುಕ್ಕಿಗಳು ಓಡಾಡಿದ್ದನ್ನು, ಕಿಟಕಿಯ ಗಾಜು ನಡುಗಿದ್ದನ್ನು ಅಲ್ಲಿ ಕೂತವರೆಲ್ಲ ನೋಡಿದವರೇ. ಆ ದಿನ ನಾನು ಮೊದಲು ಮಾಡಿದ ಕೆಲಸ ಒಲೆಯ ಮೇಲಿದ್ದ ಬಂಗುಡೆ ಸಾರನ್ನು ಆಫ್ ಮಾಡಿದ್ದು. ಎದುರು ಮನೆಯಾಕೆ ಕೈಯಲ್ಲಿ ಸೌಟು ಹಿಡಿದೇ ಓಡಿ ಬಂದು, "ಅಕ್ಕ, ಯಾರದ್ದಾದ್ರೂ ಮದುವೆಯಾ?" ಎಂದು ಕೇಳಿದ್ದರು. ಮದುವೆಯಲ್ಲ ಎಂದು ಗೊತ್ತಾದ ಮೇಲೆ ಎರಡು ಮನೆಯವರೂ ಕಿಟಕಿಯಿಲ್ಲದ ಓಣಿಯಲ್ಲಿ ಚಾಪೆ ಹಾಕಿ ಕೂತೆವು. ಮಕ್ಕಳಿಬ್ಬರೂ ಒಂದೇ ಹೊದಿಕೆಯೊಳಗೆ ಕೂತಿದ್ದರು. ಸದ್ದು ನಿಂತು ತುಂಬ ಹೊತ್ತಾದರೂ ಯಾರೂ ಏಳಲಿಲ್ಲ. ಕೊನೆಗೆ ಹಸಿವಾಯಿತು, ಬಂಗುಡೆ ಸಾರು ಓಣಿಗೇ ಬಂತು.

'ಬಿ' ಅಷ್ಟಕ್ಕೆ ನಿಲ್ಲಿಸಲಿಲ್ಲ. ಭದ್ರತೆ ಎಂದರೆ ಕ್ಯಾಮೆರಾ ಅಲ್ಲ, ನಾಳೆ ಏನೋ ಎಂಬ ಹೆದರಿಕೆ ಇಲ್ಲದಿರುವುದು ಎಂದಳು. ಕಾಯಿಲೆ ಬಿದ್ದವರ ಹತ್ತಿರ ಮೊದಲು ಕೇಳಬೇಕಾದ್ದು "ಎಲ್ಲಿ ನೋವು" ಎಂದು, "ಎಲ್ಲಿ ಕಾರ್ಡ್" ಎಂದಲ್ಲ ಎಂದಳು. ಕೋಟು ಹಾಕಿದ ಒಬ್ಬ ಅಪ್ಪ ಎದ್ದು ನಿಂತು, ಇದಕ್ಕೆಲ್ಲ ಹಣ ಎಲ್ಲಿಂದ ಬರುತ್ತದೆ ಎಂದು ಕೇಳಿದರು. "ಸರ್, ನಿಮಗೆ ಹುಷಾರಿಲ್ಲದ ದಿನ ಬಂದು ಹೇಳ್ತೇನೆ" ಎಂದಳು. ಎಲ್ಲರೂ ನಕ್ಕರು. ನಾನು ನಗಲಿಲ್ಲ, ನನ್ನ ನಾಲಿಗೆ ಹಲ್ಲು ಇಲ್ಲದ ಸಂದಿಗೆ ಹೋಗಿತ್ತು. ಒಮ್ಮೆ ನನ್ನ ದವಡೆ ಹಲ್ಲನ್ನು ವಿಮೆಯವರು ಕೀಳಿಸಲು ಒಪ್ಪಿಗೆ ಕೊಟ್ಟು ಉಳಿಸಿಕೊಳ್ಳಲು ಕೊಟ್ಟಿರಲಿಲ್ಲ.

ಓಟು ಹಾಕುವ ಮೊದಲು ಟೀಚರ್ ಮೈಕ್ ತೆಗೆದುಕೊಂಡರು. ಸೀರೆಗೆ ಪಿನ್ನು ಹಾಕಿ, ಕನ್ನಡಕವನ್ನು ಕುತ್ತಿಗೆಗೆ ನೇತುಹಾಕಿಕೊಂಡ, ನನಗಿಂತ ಸಣ್ಣ ಪ್ರಾಯದ ಟೀಚರ್. "ಪ್ರೀತಿಯ ಹೆತ್ತವರೇ, ಒಂದು ಮಾತು. ದಯವಿಟ್ಟು ನಿಮ್ಮ ಮಕ್ಕಳಿಗಾಗಲಿ ನಿಮ್ಮ ಗುರುತಿನವರಿಗಾಗಲಿ ಓಟು ಹಾಕಬೇಡಿ. ನೀತಿಗೆ ಹಾಕಿ" ಎಂದರು.

ಅಲ್ಲಿದ್ದ ಬೇರೆಲ್ಲ ಹೆತ್ತವರು ಇದನ್ನು ವಿಮಾನದಲ್ಲಿ ಸೀಟ್‌ಬೆಲ್ಟಿನ ಬಗ್ಗೆ ಹೇಳುವುದನ್ನು ಕೇಳುವ ಹಾಗೆ ಕೇಳಿದರು. ನಾನು ಕಾನ್ವೆಂಟಿನಲ್ಲಿ ಕಲಿತವಳು. ಐದನೇ ತರಗತಿಯಲ್ಲಿ ಒಮ್ಮೆ ಸಿಸ್ಟರ್ "ಇಲ್ಲೇ ನಿಂತಿರು, ಬರ್ತೇನೆ" ಎಂದು ಹೇಳಿ ಮರೆತುಹೋದರು. ಸಂಜೆ ಪ್ರಾರ್ಥನೆಯ ಗಂಟೆ ಹೊಡೆಯುವವರೆಗೂ ನಾನು ಅಲ್ಲೇ ನಿಂತಿದ್ದೆ, ಕಲ್ಲಿನ ಗುಹೆಯಂಥ ಗ್ರೊಟ್ಟೊದ ಪಕ್ಕದಲ್ಲಿ, ಮಾತೆಯ ಪ್ರತಿಮೆಯ ಜೊತೆ. ಮನೆಗೆ ಕರೆದುಕೊಂಡು ಹೋಗಲು ಬಂದ ಅಪ್ಪ ಯಾಕೆ ನಿಂತಿದ್ದಿ ಎಂದಾಗ ಅವರ ಪ್ರಶ್ನೆಯೇ ನನಗೆ ಅರ್ಥವಾಗಿರಲಿಲ್ಲ. ಟೀಚರ್ ಹೇಳಿದ ಮೇಲೆ ಮುಗಿಯಿತು.

ಮೂಲೆಯಲ್ಲಿ ನಿಲ್ಲಿಸಿದ ಬೋರ್ಡಿನ ಹಿಂದೆ ಒಂದು ಮೇಜು, ದಾರ ಕಟ್ಟಿದ ಪೆನ್ಸಿಲ್, ಬಣ್ಣದ ಕಾಗದ ಅಂಟಿಸಿದ ಶೂ ಡಬ್ಬಿ. ನಾನು ಚೀಟಿಯ ಮೇಲೆ ಬಗ್ಗಿದೆ. 'ಎ' ಎಂದರೆ ನನ್ನ ಮಗಳಲ್ಲ, ಸೈನ್ಯವನ್ನು ಎಲ್ಲೆಲ್ಲೂ ಇಡುವವರು ಎಂದು ಹೇಳಿಕೊಂಡೆ. 'ಬಿ' ಎಂದರೆ ಎದುರು ಮನೆಯವಳಲ್ಲ, ನನ್ನ ದವಡೆ ಹಲ್ಲು. ಹೇಗಿದ್ದರೂ ನನ್ನವಳೇ ಗೆಲ್ಲುವುದು, ಎಲ್ಲರೂ ಹಾಗೇ ಹೇಳುತ್ತಿದ್ದಾರೆ, ನನ್ನ ಒಂದು ಓಟು ಲೋಕಕ್ಕೆ ಎಷ್ಟು.

"ಅಕ್ಕ, ಒಳಗೆ ಎಂತ ಮಾಡುದು, ಪರೀಕ್ಷೆ ಬರೆಯುದಾ?" ಎಂದು ಬೋರ್ಡಿನ ಆಚೆಯಿಂದ ಎದುರು ಮನೆಯಾಕೆ ಕೂಗಿದರು. ಸಾಲು ನಕ್ಕಿತು. ನಾನು 'ಬಿ'ಗೆ ಗುರುತು ಹಾಕಿ ಮಡಚಿ ಡಬ್ಬಿಗೆ ಬಿಟ್ಟೆ. ನನ್ನ ನಂತರ ಒಳಗೆ ಹೋದ ಆಕೆ ಒಂದು ಸೀನು ಸೀನುವಷ್ಟರಲ್ಲಿ ಹೊರಗೆ ಬಂದರು.

'ಬಿ' ಒಂದು ಓಟಿನಿಂದ ಗೆದ್ದಳು.

ನನ್ನ ಮಗಳು ಗೆದ್ದವಳ ಕೈ ಕುಲುಕಿದಳು, ಫೋಟೋಕ್ಕೆ ನಕ್ಕಳು, ನಾನು ಕಲಿಸಿದ ಹಾಗೆ ಟೀಚರಿಗೆ ತಲೆಬಾಗಿದಳು. ಅವಳ ಕಣ್ಣು ನನ್ನನ್ನು ಹುಡುಕುವ ಹೊತ್ತಿಗೆ ನಾನು ಪರ್ಸಿನಲ್ಲಿ ಏನನ್ನೋ ಹುಡುಕುತ್ತಿದ್ದೆ. ಪರ್ಸಿನಲ್ಲಿ ಏನೂ ಇರಲಿಲ್ಲ.

ಮಧ್ಯಾಹ್ನ ಬಸ್ಸಿನಿಂದ ಇಳಿದವಳು ಊಟ ಬೇಡ ಎಂದು ಕೋಣೆಗೆ ಹೋದಳು. ನಾನು ಮಾಡಿದ್ದು ಅವಳಿಗೆ ಇಷ್ಟದ ಕೋಳಿ ಸುಕ್ಕ. ಪರಿಮಳ ಒಳಗೆ ಹೋಗಲಿ ಎಂದು ಬಾಗಿಲನ್ನು ಸ್ವಲ್ಪ ತೆರೆದಿಟ್ಟೆ. ಒಳಗಿನಿಂದ ಮುಚ್ಚಿದಳು. ಬಹಳ ಹೊತ್ತಿನ ಮೇಲೆ ಬಂದು ಅಡುಗೆಮನೆಯ ಸ್ಟೂಲಿನಲ್ಲಿ ಕೂತಳು.

"ಮಮ್ಮಿ, ಒಂದೇ ಒಂದು ಓಟು."

"ಹೌದು ಮಗಾ."

"ನೀನು ನನಗೆ ಹಾಕಿದಿ. ಆಂಟಿ ಅವಳಿಗೆ ಹಾಕಿದ್ರು. ಅದು ಕ್ಯಾನ್ಸಲ್. ಅಂದ್ರೆ ಬೇರೆ ಯಾರೋ ನನ್ನ ಫ್ರೆಂಡ್ಸಿನ ಮಮ್ಮಿ ಮೋಸ ಮಾಡಿದ್ದು."

"ಗುಪ್ತ ಮತದಾನದ ಬಗ್ಗೆ ಹಾಗೆಲ್ಲ ಮಾತಾಡಬಾರದು" ಎಂದೆ. ಇದು ಸುಳ್ಳಲ್ಲ. ಸಿಸ್ಟರ್ ಕೇಳಿದ್ದರೂ ತಪ್ಪು ಹೇಳುವಂತಿರಲಿಲ್ಲ.

"ನಾನಿನ್ನು ಮೈಕ್ ಮುಟ್ಟುದಿಲ್ಲ. ಪ್ರಾಮಿಸ್. ಯಾವತ್ತೂ" ಎಂದಳು. ಅಳುತ್ತ ಹೇಳಿದ್ದರೆ ನನಗೆ ಇಷ್ಟು ಭಯವಾಗುತ್ತಿರಲಿಲ್ಲ. ಬಟ್ಟೆ ಒಣಗಿತಾ ಎಂದು ಕೇಳುವ ಹಾಗೆ ಹೇಳಿ, ತಟ್ಟೆ ತೆಗೆದುಕೊಂಡು, ನಾಲ್ಕು ತುತ್ತು ಉಂಡು ಎದ್ದಳು. ನಾಲ್ಕು ವಾರ ಫ್ರಿಜ್ಜಿನ ಎದುರು ನಿಂತು ಹೊರಗೆ ತೆಗೆದ ಧ್ವನಿಯನ್ನು ಒಳಗಿಟ್ಟು ಬಾಗಿಲು ಹಾಕಿದಳು ಎನ್ನಿಸಿತು. ಹಾಕಿಸಿದ್ದು ಬೇರೆ ಯಾರೂ ಅಲ್ಲ.

ಬಾಲ್ಕನಿಗೆ ಹೋಗಿ ಗಂಡನಿಗೆ ಫೋನ್ ಮಾಡಿದೆ. ಸೋತಳಂತೆ, ಒಂದು ಓಟಿನಿಂದ ಎಂದೆ. ಪಾಪ ಎಂದರು. ಆಮೇಲೆ, "ಓಟು ಹಾಕುವ ಮೊದಲು ಟೀಚರ್ ಎಂತಾದರೂ ಹೇಳಿದ್ರಾ?" ಎಂದು ಕೇಳಿದರು.

"ನೀತಿಗೆ ಹಾಕಿ ಅಂದ್ರು."

ಆ ಕಡೆ ಆಫೀಸಿನ ಪ್ರಿಂಟರ್ ಓಡುತ್ತಿತ್ತು. ಪುಟದ ಮೇಲೆ ಪುಟ ಬರುತ್ತಿತ್ತು.

"ದೇವರೇ. ನೀನು ನೀತಿಗೇ ಹಾಕಿದಿ" ಎಂದರು.

"ಅವಳ ಆರೋಗ್ಯದ ಪಾಲಿಸಿ ಒಳ್ಳೇದಿತ್ತು."

"ಖಲಾಸ್. ಇನ್ನು ಬಾಯಿ ಬಿಡಬೇಡ. ಬರುವಾಗ ಐಸ್‌ಕ್ರೀಮ್ ತರ್ತೇನೆ. ಅಮೆರಿಕಕ್ಕೆ ಹೋಗದೇ ಇದ್ದದ್ದು ಒಳ್ಳೇದಾಯ್ತು, ಅಲ್ಲಿ ಯಾರನ್ನು ಗೆಲ್ಲಿಸ್ತಿದ್ದೆಯೋ."

ಸಂಜೆ ಮಸೀದಿಯ ಬಾಂಗ್ ಆಗಿ ಸ್ವಲ್ಪ ಹೊತ್ತಿಗೆ ಎದುರು ಮನೆಯಾಕೆ ಮಗಳನ್ನು ಕರೆದುಕೊಂಡು ಬಂದರು. ಕೈಯಲ್ಲಿ ಮುಚ್ಚಿದ ತಟ್ಟೆ, ಮೇಲೆ ಅವರ ಮನೆಯ ಹೂವಿನ ಟವೆಲು. ಗೆದ್ದವಳು ನೇರವಾಗಿ ಹೋಗಿ ಸೋತವಳ ಪಕ್ಕದಲ್ಲಿ ಸೋಫಾದ ಮೇಲೆ ಬಿದ್ದಳು. ಇವಳು ಸ್ವಲ್ಪ ಸರಿದಳು. ಎಷ್ಟು ಸರಿದಳು ಎಂದು ನಾನು ನೋಡಿದೆ. ಕುಶನ್ನಿನ ಅರ್ಧದಷ್ಟು.

"ಎಂತಕ್ಕೆ ಮುಖ ಹಾಗೆ ಮಾಡಿದ್ದಿ?" ಎಂದು ಆಕೆ ನನ್ನ ಮಗಳ ಗಲ್ಲ ಹಿಡಿದರು. "ಎಷ್ಟು ಚೆಂದ ಮಾತಾಡಿದಿ ಮಾರಾಯ್ತಿ. ನನಗೆ ಸೈನ್ಯ ಗೀನ್ಯ ಒಂದೂ ಅರ್ಥ ಆಗ್ಲಿಲ್ಲ, ಆದ್ರೂ ಎದ್ದು ಸೆಲ್ಯೂಟ್ ಹೊಡಿಬೇಕು ಅನ್ನಿಸಿತು."

ಮಗಳು ನಗದೇ ಇರಲು ಪ್ರಯತ್ನಪಟ್ಟಳು. ಪೂರ್ತಿ ಸಾಧ್ಯವಾಗಲಿಲ್ಲ. ನಾನು ಟವೆಲು ತೆಗೆದು, ತಟ್ಟೆಯಲ್ಲಿದ್ದ ಮಂಡಕ್ಕಿ ಉಂಡೆಯನ್ನು ಎಲ್ಲರಿಗೂ ಕೊಟ್ಟೆ. ಆಕೆ ಸೋಫಾದ ಕೈಮೇಲೆ ಕೂತು ಚಪ್ಪಲಿಯನ್ನು ಕಾಲ್ಬೆರಳಿನಲ್ಲಿ ಆಡಿಸುತ್ತ ಉಂಡೆ ಕಚ್ಚಿದರು. ಮಾತು ಬಾಯಿಯಲ್ಲಿ ತಿಂಡಿ ಇದ್ದಾಗಲೇ ಶುರುವಾಯಿತು.

"ನಾನು ಓಟು ಹಾಕಿದ್ದು ನಿನಗೇ ಮಗಾ, ಗೊತ್ತುಂಟಾ."

ನನ್ನ ಮಗಳ ಕೈಯಲ್ಲಿದ್ದ ಉಂಡೆ ಬಾಯಿಯ ಹತ್ತಿರ ನಿಂತಿತು. ಅವಳು ಆಂಟಿಯನ್ನು ನೋಡಲಿಲ್ಲ. ಚಾವಣಿ ನೋಡಿದಳು, ಗಣಿತದ ಪರೀಕ್ಷೆಯಲ್ಲಿ ಮನಸ್ಸಿನಲ್ಲೇ ಲೆಕ್ಕ ಮಾಡುವಾಗ ನೋಡುವ ಹಾಗೆ. ಆಮೇಲೆ ನಿಧಾನವಾಗಿ, ಗುಪ್ತ ಮತದಾನದ ಬಗ್ಗೆ ಮಾತಾಡಬಾರದು ಎಂದಿದ್ದ ನನ್ನ ಕಡೆ ತಿರುಗಿದಳು. ತುಟಿಯ ಒಂದು ಕೊನೆ ಮೇಲೆ ಹೋಗುತ್ತಿತ್ತು. ಅದು ಕೋಪವೋ ನಗುವೋ ಎಂದು ಹೇಳುವಷ್ಟು ಹೊತ್ತು ನಾನು ಅವಳನ್ನು ನೋಡಲಿಲ್ಲ. ಟವೆಲು ಮಡಚಲು ಶುರು ಮಾಡಿದೆ.

ಆಕೆ ಎರಡನೇ ಉಂಡೆಗೆ ಕೈ ಹಾಕುತ್ತ ಹೇಳಿದರು, "ನನ್ನವಳು ಗೆದ್ರೆ ಇನ್ನೊಂದು ತಿಂಗಳು ಮನೆಯಲ್ಲಿ ಇವಳ ಭಾಷಣ ಯಾರು ಕೇಳುದು ಅಕ್ಕ? ಅದಕ್ಕೇ ನಿಮ್ಮವಳಿಗೆ ಹಾಕಿದ್ದು. ಯಾರು ಪುಣ್ಯಾತ್ಗಿತ್ತಿಯೋ ಇವಳಿಗೆ ಹಾಕಿ ನನ್ನ ಕೆಲಸ ಕೆಡಿಸಿದ್ಲು."